ಕೊಲೆ ಮೊಕದ್ದಮೆಯಲ್ಲಿ ಮಾನಸಿಕ ಕಾಯಿಲೆಯ ಔಷಧಿಗಳ ದೈಹಿಕ ಅಡ್ಡ ಪರಿಣಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದವರ ಮೇಲೆ ಕೊಲೆಯ ಆರೋಪ ಬಂದಾಗ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದ ಕಡೆಯವರಾಗಲಿ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರಾಗಲಿ, ಮನೆಯವರು ವಕೀಲರ ಮುಂದೆ ಮೊದಲು ಹೇಳುವುದು ಆ ವ್ಯಕ್ತಿಯ ದೇಹದ ಸ್ಥಿತಿಯನ್ನೇ: ಕೈ ನಡುಗುತ್ತಿತ್ತು, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಕೂತಲ್ಲಿ ಕೂರುತ್ತಿರಲಿಲ್ಲ, ಮಾತ್ರೆ ಶುರುವಾದ ಮೇಲೆ ಮೈ ಬಂತು. ಈ ಮಾತುಗಳಿಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆಯಿದೆ, ಎಲ್ಲಿ ಬೆಲೆಯಿಲ್ಲ ಎಂಬುದನ್ನು ಮನೆಯವರಿಗೂ ಕಿರಿಯ ವಕೀಲರಿಗೂ ತಿಳಿಯುವಂತೆ ಇಲ್ಲಿ ವಿವರಿಸಲಾಗಿದೆ. ಇದು ಸಾಮಾನ್ಯ ತಿಳಿವಳಿಕೆಯಾಗಿದ್ದು, ನಿಮ್ಮ ಪ್ರಕರಣದ ತೀರ್ಮಾನಗಳನ್ನು ನಿಮ್ಮ ವಕೀಲರು ಮತ್ತು ಚಿಕಿತ್ಸೆ ನೀಡುವ ವೈದ್ಯರೊಂದಿಗೆ ಕೂತು ಮಾಡಬೇಕು.

ಯಾವ ಔಷಧಿಗಳ ಮಾತು ಇದು, ಮತ್ತು ಅವು ದೇಹಕ್ಕೆ ಏನು ಮಾಡುತ್ತವೆ?

ಇಲ್ಲದ ದನಿ ಕೇಳಿಸುವುದು, ಯಾರೋ ತನ್ನನ್ನು ಮುಗಿಸಲು ಹೊಂಚು ಹಾಕಿದ್ದಾರೆ ಎಂಬ ಅಲುಗದ ನಂಬಿಕೆ ಮುಂತಾದ ಲಕ್ಷಣಗಳನ್ನು ತಗ್ಗಿಸುವ ಔಷಧಿಗಳನ್ನು ಆಂಟಿಸೈಕೋಟಿಕ್ ಎನ್ನುತ್ತಾರೆ. 1950ರ ದಶಕದಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್ ಮತ್ತು ಹ್ಯಾಲೊಪೆರಿಡಾಲ್, ಆಮೇಲೆ ಬಂದ ರಿಸ್ಪೆರಿಡೋನ್, ಓಲಾನ್ಜಪಿನ್, ಕ್ಲೋಜಪಿನ್, ಕೆಲವು ವಾರಗಳಿಗೊಮ್ಮೆ ಕೊಡುವ ಫ್ಲೂಫೆನಜಿನ್ ಚುಚ್ಚುಮದ್ದು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವು ಮುಖ್ಯವಾಗಿ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಕೈಕಾಲುಗಳ ಚಲನೆಯನ್ನು ಹದದಲ್ಲಿಡಲೂ ಅದೇ ರಾಸಾಯನಿಕ ಬೇಕಾಗಿರುವುದರಿಂದ, ಮನಸ್ಸಿಗೆ ಕೊಟ್ಟ ಔಷಧಿಯ ಪರಿಣಾಮ ಮೈಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಔಷಧಿ ಶುರುವಾದ ಕೆಲವು ಗಂಟೆಗಳಿಂದ ಕೆಲವು ದಿನಗಳ ಒಳಗೆ, ವಿಶೇಷವಾಗಿ ಹರೆಯದ ಗಂಡಸರಲ್ಲಿ, ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುವುದು, ದವಡೆ ಬಿಗಿಯುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು ಸಂಭವಿಸಬಹುದು. ಇದಕ್ಕೆ ಡಿಸ್ಟೋನಿಯಾ ಎಂದು ಹೆಸರು. ನಮ್ಮ ಕಡೆ ಇದನ್ನು ಕಂಡು ಗಾಳಿ ಸೋಕಿದೆ, ಮೈಮೇಲೆ ಬಂದಿದೆ ಎಂದು ನೋಟಗಾರರ ಬಳಿಗೆ ಕರೆದೊಯ್ದು, ಆಸ್ಪತ್ರೆಯಲ್ಲಿ ಒಂದು ಚುಚ್ಚುಮದ್ದಿನಿಂದ ಇಳಿಯಬಹುದಾಗಿದ್ದ ತೊಂದರೆಯನ್ನು ದಿನಗಟ್ಟಲೆ ಅನುಭವಿಸುವವರಿದ್ದಾರೆ. ಮೊದಲ ದಿನಗಳು ಮತ್ತು ವಾರಗಳಲ್ಲಿ ಅಕಥೀಸಿಯಾ ಎಂಬ, ಒಳಗಿನಿಂದ ಕುದಿಯುವಂಥ ಚಡಪಡಿಕೆ ಬರಬಹುದು. ಅಂಥವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹೊರಳಿಸುತ್ತ ರಾತ್ರಿಯಿಡೀ ಅಂಗಳದಲ್ಲಿ ತಿರುಗುತ್ತಾರೆ. ವಾರಗಳಿಂದ ತಿಂಗಳುಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ನಡುಕ, ಸೆಟೆತ, ಪುಟ್ಟಪುಟ್ಟ ಹೆಜ್ಜೆಯ ನಡಿಗೆ ಮತ್ತು ಭಾವನೆಯೇ ಕಾಣದ ಮುಖ ಬರುತ್ತವೆ. ತಿಂಗಳು, ವರ್ಷಗಳ ಬಳಕೆಯ ನಂತರ ನಾಲಿಗೆ, ತುಟಿ, ದವಡೆಗಳು ತಾವಾಗಿಯೇ ಆಡುತ್ತಿರುವ ಟಾರ್ಡಿವ್ ಡಿಸ್ಕೈನೀಸಿಯಾ ಬರಬಹುದು. ಅದು ಔಷಧಿ ನಿಲ್ಲಿಸಿದ ಮೇಲೂ ಉಳಿಯಬಹುದು, ಕೆಲವೊಮ್ಮೆ ನಿಲ್ಲಿಸಿದ ಮೇಲೆಯೇ ಕಾಣಿಸಿಕೊಳ್ಳಬಹುದು. ಇವುಗಳ ಜೊತೆಗೆ ಓಲಾನ್ಜಪಿನ್ ಮತ್ತು ಕ್ಲೋಜಪಿನ್‌ನಿಂದ ತೂಕ ಮತ್ತು ರಕ್ತದ ಸಕ್ಕರೆ ಏರುವುದು, ಕ್ಲೋಜಪಿನ್‌ನಿಂದ ಜೊಲ್ಲು, ರಿಸ್ಪೆರಿಡೋನ್‌ನಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಿ ಗಂಡಸರಿಗೂ ಎದೆ ಊದುವುದು ಮುಂತಾದ ತೊಂದರೆಗಳಿವೆ.

ಈ ಕಾಲಕ್ರಮವನ್ನು ವಕೀಲರು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. ಯಾವ ಲಕ್ಷಣ ಯಾವ ಹಂತದಲ್ಲಿ ಬರುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ, ಕೃತ್ಯ ನಡೆದ ದಿನದ ಹಿಂದು ಮುಂದಿನಲ್ಲಿ ಚಿಕಿತ್ಸೆ ಯಾವ ಸ್ಥಿತಿಯಲ್ಲಿತ್ತು ಎಂದು ವೈದ್ಯರನ್ನು ಸರಿಯಾಗಿ ಕೇಳಲು ಸಾಧ್ಯ.

ಇಂಥ ಲಕ್ಷಣಗಳಿದ್ದರೆ ಆರೋಪಿಗೆ ಶಿಕ್ಷೆ ತಪ್ಪುತ್ತದೆಯೇ?

ಅಷ್ಟರಿಂದಲೇ ತಪ್ಪುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಅಂದರೆ 2024ರ ಜುಲೈ 1ಕ್ಕೆ ಮೊದಲು ಜಾರಿಯಲ್ಲಿದ್ದ ದಂಡ ಸಂಹಿತೆಯ 84ನೇ ಕಲಂ, ಕೇಳುವುದು ಒಂದೇ ಪ್ರಶ್ನೆ: ಕೃತ್ಯ ಎಸಗುವ ಹೊತ್ತಿನಲ್ಲಿ ಚಿತ್ತ ಅಸ್ವಸ್ಥವಾಗಿದ್ದ ಕಾರಣದಿಂದ, ತಾನು ಮಾಡುತ್ತಿರುವುದು ಏನೆಂದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದಾಗಲಿ ತಿಳಿಯುವ ಶಕ್ತಿ ಆ ವ್ಯಕ್ತಿಗೆ ಇರಲಿಲ್ಲವೇ? ವೈದ್ಯರು ಗುರುತಿಸುವ ಕಾಯಿಲೆ ಬೇರೆ, ಕಾನೂನು ಒಪ್ಪುವ ಅಸ್ವಸ್ಥತೆ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ ಹಲವು ಬಾರಿ ಹೇಳಿದೆ. 2011ರ ಸುರೇಂದ್ರ ಮಿಶ್ರಾ ಪ್ರಕರಣದಲ್ಲಿಯೂ, ಮಾನಸಿಕ ಕಾಯಿಲೆ ಇದ್ದ ಮಾತ್ರಕ್ಕೆ ಹೊಣೆಯಿಂದ ಬಿಡುಗಡೆಯಿಲ್ಲ ಎಂಬ ನಿಲುವೇ ಇದೆ. ನಡುಗುವ ಕೈ ಔಷಧಿಯ ಗುರುತು. ಆ ಕೈ ಕತ್ತಿ ಎತ್ತಿದಾಗ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ನಡುಕ ಹೇಳಲಾರದು.

ಹಾಗಿದ್ದರೆ ಈ ಲಕ್ಷಣಗಳನ್ನು ನ್ಯಾಯಾಲಯದ ಮುಂದೆ ತರುವುದರಿಂದ ಏನು ಪ್ರಯೋಜನ?

ಪ್ರಯೋಜನ ದೊಡ್ಡದೇ ಇದೆ, ಆದರೆ ಅದು ಬಳಸುದಾರಿಯಲ್ಲಿ ಬರುತ್ತದೆ. ಚಿತ್ತ ಅಸ್ವಸ್ಥವಾಗಿತ್ತು ಎಂದು ತೋರಿಸುವ ಭಾರವನ್ನು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಂ ಆರೋಪಿಯ ಮೇಲೆ ಹೊರಿಸುತ್ತದೆ. ಆದರೆ ಸರ್ಕಾರಿ ಅಭಿಯೋಜಕರು ಅಪರಾಧವನ್ನು ಸಾಬೀತು ಮಾಡಬೇಕಾದಷ್ಟು ಗಟ್ಟಿಯಾಗಿ ಅದನ್ನು ತೋರಿಸಬೇಕಾಗಿಲ್ಲ. ಸಿವಿಲ್ ದಾವೆಯಲ್ಲಿರುವಂತೆ, ಹೀಗಿದ್ದಿರುವ ಸಾಧ್ಯತೆಯೇ ಹೆಚ್ಚು ಎನ್ನಿಸಿದರೆ ಸಾಕು. 1964ರ ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿ, ಕೃತ್ಯಕ್ಕೆ ಮೊದಲು, ಕೃತ್ಯದ ಹೊತ್ತಿನಲ್ಲಿ ಮತ್ತು ಕೃತ್ಯದ ನಂತರ ಆ ವ್ಯಕ್ತಿ ಹೇಗಿದ್ದ ಎಂಬುದನ್ನು ಒಟ್ಟಾಗಿ ನೋಡಬೇಕು ಎಂದಿತು.

ಮೊದಲು ಹೇಗಿದ್ದ ಎಂಬ ಭಾಗಕ್ಕೆ ಅಡ್ಡ ಪರಿಣಾಮಗಳು ನೆರವಾಗುತ್ತವೆ. ಕಾಯಿಲೆಯ ಕಥೆಯನ್ನು ಬಂಧನದ ನಂತರ ಕಟ್ಟಲಾಗಿದೆ ಎಂಬ ವಾದ ಬಂದಾಗ, ಮೂರು ವರ್ಷದ ಹಿಂದಿನ ಹೊರರೋಗಿ ಚೀಟಿಯಲ್ಲಿ ಕೈನಡುಕವೆಂದು ಬರೆದು ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಸೇರಿಸಿರುವುದು ಬಹಳ ಬಲವಾದ ಉತ್ತರ. ಮುಂದೆಂದೋ ಕೊಲೆ ಮೊಕದ್ದಮೆ ನಡೆಯುತ್ತದೆ ಎಂದು ಊಹಿಸಿ ಯಾವ ವೈದ್ಯರೂ ನಡುಕಕ್ಕೆ ಮದ್ದು ಬರೆದಿರುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತಲೂ ಮುಖ್ಯವಾದ, ಆದರೆ ವಕೀಲರು ಹೆಚ್ಚಾಗಿ ಕೈಬಿಡುವ ಇನ್ನೊಂದು ಎಳೆಯಿದೆ. ಬಹಳಷ್ಟು ಜನ ಮಾತ್ರೆ ಬಿಡುವುದು ಅಡ್ಡ ಪರಿಣಾಮದ ಕಾಟ ತಡೆಯಲಾರದೆ. ದೋಣಿಯಲ್ಲಿ ಬಲೆ ಎಳೆಯುವವನಿಗೆ ಕೈ ಸೆಟೆದರೆ, ಅಡಿಕೆ ಮರ ಹತ್ತುವವನಿಗೆ ತಲೆ ತಿರುಗಿದರೆ, ಅವನು ಮಾತ್ರೆಯನ್ನು ಆರಿಸುವುದಿಲ್ಲ, ದುಡಿಮೆಯನ್ನು ಆರಿಸುತ್ತಾನೆ. ಮಾತ್ರೆ ಬಿಟ್ಟ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಹಳೆಯ ದನಿಗಳು, ಹಳೆಯ ಸಂಶಯಗಳು ಮರಳಬಹುದು. ಅಡ್ಡ ಪರಿಣಾಮ, ಅದರಿಂದಾಗಿ ಮಾತ್ರೆ ಬಿಟ್ಟದ್ದು, ಅದರಿಂದಾಗಿ ಕಾಯಿಲೆ ಮರುಕಳಿಸಿದ್ದು, ಆ ಸ್ಥಿತಿಯಲ್ಲಿ ಕೃತ್ಯ ನಡೆದದ್ದು ಎಂಬ ಸರಪಳಿಯ ಒಂದೊಂದು ಕೊಂಡಿಗೂ ದಾಖಲೆ ಅಥವಾ ಸಾಕ್ಷಿ ಸಿಕ್ಕರೆ, ನ್ಯಾಯಾಲಯಕ್ಕೆ ನಂಬಲು ಒಂದು ಆಧಾರ ದೊರೆಯುತ್ತದೆ. ಮನೆಯ ಗೂಡಿನಲ್ಲಿ ಉಳಿದ ಮಾತ್ರೆಯ ಪಟ್ಟಿಗಳು ಇಲ್ಲಿ ಮುಖ್ಯವಾಗುತ್ತವೆ. ಚೀಟಿಯ ದಿನಾಂಕದಿಂದ ಲೆಕ್ಕ ಹಾಕಿದರೆ ಯಾವಾಗ ಬಿಟ್ಟಿದ್ದಾರೆ ಎಂದು ಅಂದಾಜಾಗುತ್ತದೆ. ಮನೆಯವರು ಅವುಗಳನ್ನು ಎಸೆಯಬಾರದು, ಪಂಚನಾಮೆಯಲ್ಲಿ ಸೇರಿಸುವಂತೆ ಲಿಖಿತವಾಗಿ ಕೇಳಬೇಕು.

ಇದೇ ಸಾಕ್ಷ್ಯ ಆರೋಪಿಗೆ ತಿರುಗಿ ಬೀಳುವ ಸಾಧ್ಯತೆಯಿಲ್ಲವೇ?

ಇದೆ, ಅದನ್ನು ಮುಚ್ಚಿಡಬಾರದು. ಕೃತ್ಯದ ವಾರದಲ್ಲಿ ಅಡ್ಡ ಪರಿಣಾಮಗಳು ಎದ್ದು ಕಾಣುತ್ತಿದ್ದವು ಎಂದು ನೀವು ಸಾಬೀತು ಮಾಡಿದರೆ, ಹಾಗಾದರೆ ಔಷಧಿ ಸರಿಯಾಗಿ ನಡೆಯುತ್ತಿತ್ತು, ಕಾಯಿಲೆ ಹತೋಟಿಯಲ್ಲಿತ್ತು ಎಂದು ಅಭಿಯೋಜಕರು ಹೇಳಬಹುದು. ಔಷಧಿ ದೇಹದಲ್ಲಿದ್ದರೂ ಕಾಯಿಲೆ ತಗ್ಗದ ರೋಗಿಗಳಿದ್ದಾರೆ ಎಂಬುದು ನಿಜ. ಆದರೆ ಆ ಮಾತು ಬರಬೇಕಾದದ್ದು ಮನೋವೈದ್ಯರ ಬಾಯಿಂದ, ವಕೀಲರ ಬಾಯಿಂದಲ್ಲ.

ಔಷಧಿಯೇ ಅವರನ್ನು ಕೊಲೆಗೆ ತಳ್ಳಿತು ಎಂದು ವಾದಿಸಬಹುದೇ?

ಈ ಪ್ರಶ್ನೆ ಹೆಚ್ಚಾಗಿ ಅಕಥೀಸಿಯಾದ ಸುತ್ತ ಬರುತ್ತದೆ. ತೀವ್ರ ಅಕಥೀಸಿಯಾ ಇರುವವರು ಅನುಭವಿಸುವ ಹಿಂಸೆ ನೋಡುವವರಿಗೆ ಅರ್ಥವಾಗುವುದು ಕಷ್ಟ, ಮತ್ತು ಆ ಸ್ಥಿತಿಗೂ ಆತ್ಮಹತ್ಯೆಯ ಯೋಚನೆಗೂ ಸಿಡುಕಿನ ವರ್ತನೆಗೂ ನಂಟಿದೆ ಎಂಬ ವರದಿಗಳು ವೈದ್ಯಕೀಯ ಬರಹಗಳಲ್ಲಿ ಇವೆ. ಅದನ್ನು ಕಾಯಿಲೆಯೇ ಕೆರಳಿದೆ ಎಂದು ತಪ್ಪು ತಿಳಿದು ಔಷಧಿಯ ಪ್ರಮಾಣ ಏರಿಸಿದರೆ ಚಡಪಡಿಕೆ ಇನ್ನೂ ಹೆಚ್ಚುತ್ತದೆ. ಹಾಗಾಗಿ ಔಷಧಿ ಹೊಸದಾಗಿ ಶುರುವಾದ ಅಥವಾ ಪ್ರಮಾಣ ಏರಿದ ದಿನಾಂಕಕ್ಕೂ ಕೃತ್ಯದ ದಿನಾಂಕಕ್ಕೂ ಇರುವ ಅಂತರವನ್ನು ಮೊದಲು ನೋಡಬೇಕು.

ಆದರೂ ಚಡಪಡಿಕೆಯೊಂದೇ 22ನೇ ಕಲಮಿನ ಅಳತೆಗೆ ಸಾಲದು, ಏಕೆಂದರೆ ಅದು ತಿಳಿಯುವ ಶಕ್ತಿಯನ್ನು ಅಳಿಸುವುದಿಲ್ಲ. ತನಗೆ ತಿಳಿಯದೆ ಅಥವಾ ತನ್ನ ಇಚ್ಛೆಗೆ ವಿರುದ್ಧವಾಗಿ ಅಮಲೇರಿದವರಿಗೆ ರಕ್ಷಣೆ ಕೊಡುವ 23ನೇ ಕಲಮೂ ವೈದ್ಯರು ಬರೆದುಕೊಟ್ಟ ಮಾತ್ರೆಗೆ ಸುಲಭವಾಗಿ ಒಗ್ಗುವುದಿಲ್ಲ. ಅಕಥೀಸಿಯಾವನ್ನು ಉದ್ದೇಶದ ಪ್ರಶ್ನೆಯಲ್ಲಿ ಅಥವಾ ಶಿಕ್ಷೆಯ ಪ್ರಮಾಣ ನಿರ್ಧರಿಸುವ ಹಂತದಲ್ಲಿ ಮುಂದಿಡುವುದು ಹೆಚ್ಚು ಪ್ರಾಮಾಣಿಕವಾದ ದಾರಿ ಎಂದು ನನಗೆ ತೋರುತ್ತದೆ. ಇನ್ನೊಂದು ಮಾತನ್ನೂ ಹೇಳಲೇಬೇಕು: ಈ ಔಷಧಿಗಳಿಂದ ಬದುಕು ಮರಳಿ ಪಡೆದವರು ಅಸಂಖ್ಯ, ಮತ್ತು ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರಿಗೂ ಕೈ ಎತ್ತುವವರಲ್ಲ. ಈ ಪುಟ ಓದಿ ಯಾರೂ ತಮ್ಮ ಮಾತ್ರೆ ನಿಲ್ಲಿಸಬಾರದು. ತೊಂದರೆಯಿದ್ದರೆ ಪ್ರಮಾಣ ಇಳಿಸಲು, ಔಷಧಿ ಬದಲಿಸಲು, ಚಡಪಡಿಕೆಗೆ ಬೇರೆ ಮದ್ದು ಕೊಡಲು ವೈದ್ಯರಿಗೆ ದಾರಿಗಳಿವೆ.

ಬಂಧನದ ನಂತರ ಶುರುವಾದ ಲಕ್ಷಣಗಳಿಗೆ ಬೆಲೆಯಿದೆಯೇ?

ಕೃತ್ಯದ ದಿನದ ಮನಸ್ಸನ್ನು ತೋರಿಸಲು ಅವುಗಳಿಂದ ನೇರ ಪ್ರಯೋಜನವಿಲ್ಲ, ಏಕೆಂದರೆ ಅವು ಕಾರಾಗೃಹದಲ್ಲಿ ಕೊಟ್ಟ ಚಿಕಿತ್ಸೆಯ ಫಲ. ಹಳೆಯ ಮತ್ತು ಹೊಸ ಲಕ್ಷಣಗಳನ್ನು ಒಂದೇ ರಾಶಿಗೆ ಹಾಕಿ ವಾದಿಸಿದರೆ, ಪಾಟೀ ಸವಾಲಿನಲ್ಲಿ ಹಳೆಯದರ ಮೇಲಿನ ನಂಬಿಕೆಯೂ ಹೋಗುತ್ತದೆ. ಆದರೆ ವಿಚಾರಣೆ ನ್ಯಾಯವಾಗಿ ನಡೆಯುತ್ತಿದೆಯೇ ಎಂಬ ಪ್ರಶ್ನೆಗೆ ಅವು ತೀರ ಮುಖ್ಯ.

ಅದು ಹೇಗೆ? ಕಟಕಟೆಯಲ್ಲಿ ನಿಂತವರ ಮುಖಭಾವಕ್ಕೂ ಔಷಧಿಗೂ ಏನು ಸಂಬಂಧ?

ಕೊಲೆಯ ವಿವರಗಳನ್ನು ಸಾಕ್ಷಿಗಳು ಹೇಳುತ್ತಿರುವಾಗ ಆರೋಪಿಯ ಮುಖದಲ್ಲಿ ಒಂದು ಗೆರೆಯೂ ಅಲುಗದಿದ್ದರೆ, ನೋಡುವವರೆಲ್ಲ ಅದನ್ನು ಕಲ್ಲೆದೆ ಎಂದುಕೊಳ್ಳುತ್ತಾರೆ. ಆ ನಿರ್ಭಾವ ಔಷಧಿಯಿಂದ ಮುಖದ ಸ್ನಾಯುಗಳು ಬಿಗಿದದ್ದರ ಫಲವಾಗಿರಬಹುದು, ಕಾಲು ಅಲ್ಲಾಡಿಸುವುದು ಅಕಥೀಸಿಯಾ ಆಗಿರಬಹುದು, ತೂಕಡಿಕೆ ಬೆಳಗಿನ ಮಾತ್ರೆಯದ್ದಾಗಿರಬಹುದು. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ: ಚಿಕಿತ್ಸೆಯಿಂದ ಶಾಂತರಾಗಿ ನಿಂತವರನ್ನು ವರ್ಷಗಳ ನಂತರ ನೋಡಿದವರಿಗೆ, ಇವರು ಅಂದು ಚಿತ್ತ ಕಳೆದುಕೊಂಡಿದ್ದರು ಎಂದು ನಂಬುವುದೇ ಕಷ್ಟವಾಗುತ್ತದೆ.

ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಈ ವಿಷಯ 1992ರಲ್ಲಿ ರಿಗ್ಗಿನ್ಸ್ ಪ್ರಕರಣದಲ್ಲಿ ಬಂದಿತ್ತು. ನೆವಾಡಾ ರಾಜ್ಯದಲ್ಲಿ ಕೊಲೆಯ ಆರೋಪ ಎದುರಿಸುತ್ತಿದ್ದ ರಿಗ್ಗಿನ್ಸ್‌ಗೆ ವಿಚಾರಣೆಯ ಕಾಲದಲ್ಲಿ ದಿನಕ್ಕೆ 800 ಮಿಲಿಗ್ರಾಂ ಥಯೋರಿಡಜಿನ್ ಎಂಬ ಆಂಟಿಸೈಕೋಟಿಕ್ ಕೊಡಲಾಗುತ್ತಿತ್ತು. ಔಷಧಿಯಿಲ್ಲದೆ ತಾನು ಹೇಗಿರುತ್ತೇನೆ ಎಂಬುದನ್ನು ಜ್ಯೂರಿ, ಅಂದರೆ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ, ನೋಡಬೇಕು ಎಂಬ ಆತನ ಬೇಡಿಕೆಯನ್ನು ಕೆಳಗಿನ ನ್ಯಾಯಾಲಯ ಒಪ್ಪದೆ, ಕೊನೆಗೆ ಮರಣದಂಡನೆ ವಿಧಿಸಲಾಗಿತ್ತು. ಔಷಧಿ ಅಗತ್ಯವೇ, ಬೇರೆ ದಾರಿಯಿಲ್ಲವೇ ಎಂದು ಪರಿಶೀಲಿಸದೆ ಬಲವಂತವಾಗಿ ಮುಂದುವರಿಸಿದ್ದು ತಪ್ಪು, ಅದರ ಅಡ್ಡ ಪರಿಣಾಮ ಆತನ ತೋರಿಕೆಯ ಮೇಲೂ ಸಾಕ್ಷ್ಯ ನುಡಿಯುವ ಶಕ್ತಿಯ ಮೇಲೂ ಆಗಿರಬಹುದು ಎಂದು ಹೇಳಿ ಆ ತೀರ್ಪನ್ನು ರದ್ದುಗೊಳಿಸಲಾಯಿತು.

ನಮ್ಮಲ್ಲಿ ಜ್ಯೂರಿ ಇಲ್ಲ, ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದೂ ಇಲ್ಲ. ಆದರೆ ಕ್ರಿಮಿನಲ್ ವಿಚಾರಣೆಯ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 351ನೇ ಕಲಂ ಪ್ರಕಾರ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನಿಸುವ ಹಂತ ನಮ್ಮಲ್ಲಿದೆ. ಮಂಪರಿನಲ್ಲಿರುವವರು ಎಲ್ಲ ಪ್ರಶ್ನೆಗೂ ಗೊತ್ತಿಲ್ಲ ಎಂದರೆ, ತಮ್ಮ ಪರವಾಗಿ ವಿವರಣೆ ಕೊಡುವ ಅವಕಾಶವನ್ನೇ ಕಳೆದುಕೊಂಡಂತೆ. ಅಂದು ತೆಗೆದುಕೊಂಡ ಔಷಧಿಯ ಹೆಸರು, ಪ್ರಮಾಣ ಮತ್ತು ಹೊತ್ತನ್ನು ವಕೀಲರು ಮೊದಲೇ ಅರ್ಜಿಯ ಮೂಲಕ ದಾಖಲಿಸಿ, ಅಗತ್ಯವಿದ್ದರೆ ದಿನ ಬದಲಿಸಲು ಕೋರಬೇಕು. ಪ್ರಶ್ನೆಗಳೇ ಅರ್ಥವಾಗದ ಸ್ಥಿತಿಯಿದ್ದರೆ 367 ಮತ್ತು 368ನೇ ಕಲಂಗಳ ಅಡಿಯಲ್ಲಿ, ತನ್ನ ಸಮರ್ಥನೆ ಮಾಡಿಕೊಳ್ಳುವ ಶಕ್ತಿ ಇದೆಯೇ ಎಂಬ ಪರಿಶೀಲನೆ ಕೇಳಬೇಕು.

ಇದೆಲ್ಲ ನಾಟಕ ಎಂದು ಪೊಲೀಸರು ಹೇಳಿದರೆ?

ಮಾತನ್ನು ನಟಿಸುವಷ್ಟು ಸುಲಭವಾಗಿ ಸ್ನಾಯುಗಳನ್ನು ನಟಿಸಲಾಗದು. ಮಣಿಕಟ್ಟನ್ನು ಮೆಲ್ಲನೆ ಮಡಚಿದಾಗ ಹಲ್ಲುಚಕ್ರದಂತೆ ತಡೆತಡೆದು ಬರುವ ಸೆಟೆತ, ಯಾರೂ ನೋಡುತ್ತಿಲ್ಲ ಎಂದುಕೊಂಡು ನಡೆಯುವಾಗಲೂ ಬೀಸದ ಕೈ, ನಿದ್ದೆಯಲ್ಲಿ ನಿಂತು ಎಚ್ಚರವಾದೊಡನೆ ಮರಳುವ ನಾಲಿಗೆಯ ಆಟ ಇವುಗಳನ್ನು ಅನುಭವಿ ವೈದ್ಯರು ಗುರುತಿಸುತ್ತಾರೆ. ಒಂದೇ ಬಾರಿಯ ಹೊರರೋಗಿ ಪರೀಕ್ಷೆಗಿಂತ ಕೆಲವು ದಿನ ಒಳರೋಗಿಯಾಗಿಟ್ಟು, ಹಗಲು ರಾತ್ರಿ ಗಮನಿಸಿ ಬರೆದ ವರದಿಗೆ ಹೆಚ್ಚು ತೂಕವಿದೆ. ನಮ್ಮ ಜಿಲ್ಲೆಯವರಿಗೆ ಮಾನಸಿಕ ಚಿಕಿತ್ಸೆಯ ದೊಡ್ಡ ಆಸ್ಪತ್ರೆಗಳಾದ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸುವಂತೆ ನ್ಯಾಯಾಲಯವನ್ನು ಕೋರಬಹುದು. ವೈದ್ಯರು ಅಸಹಜ ಚಲನೆಗಳನ್ನು ಅಳೆಯುವ ಏಮ್ಸ್ (AIMS) ಎಂಬ ಮಾಪನ, ಚಡಪಡಿಕೆಯನ್ನು ಅಳೆಯುವ ಬಾರ್ನ್ಸ್ ಮಾಪನ ಬಳಸಿ ಅಂಕ ಬರೆದಿದ್ದರೆ ಪಾಟೀ ಸವಾಲಿನಲ್ಲಿ ಅದು ನಿಲ್ಲುತ್ತದೆ. ಎಂದೂ ಔಷಧಿ ತೆಗೆದುಕೊಳ್ಳದ ಸ್ಕಿಜೋಫ್ರೇನಿಯಾ ರೋಗಿಗಳಲ್ಲೂ ಕೆಲವರಿಗೆ ಇಂಥ ಚಲನೆಗಳು ಕಾಣುವುದುಂಟು ಎಂಬುದು ಎದುರು ಪಕ್ಷದ ವಕೀಲರಿಗೂ ತಿಳಿದಿರುತ್ತದೆ, ಅದಕ್ಕೆ ಉತ್ತರ ಸಿದ್ಧವಿರಲಿ.

ಹಳೆಯ ದಾಖಲೆಗಳನ್ನು ಎಲ್ಲಿ ಹುಡುಕಬೇಕು?

ನಮ್ಮ ಜಿಲ್ಲೆಯಲ್ಲಿ ಇದೇ ದೊಡ್ಡ ತೊಡಕು, ಏಕೆಂದರೆ ಒಬ್ಬರ ಚಿಕಿತ್ಸೆ ನಾಲ್ಕು ಊರುಗಳಲ್ಲಿ ಹರಡಿರುತ್ತದೆ. ಕಾರವಾರದವರು ಗಡಿ ದಾಟಿ ಗೋವಾದ ಬಾಂಬೋಳಿಗೆ, ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರಿಗೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿ, ಧಾರವಾಡಕ್ಕೆ ಹೋಗಿರುತ್ತಾರೆ, ನಡುವೆ ಊರಿನ ಆಸ್ಪತ್ರೆಯಲ್ಲೂ ಮಾತ್ರೆ ಪಡೆದಿರುತ್ತಾರೆ. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ, ತಾಲೂಕು ಆಸ್ಪತ್ರೆಗಳು ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ನೋಂದಣಿ ಪುಸ್ತಕಗಳನ್ನು ಹುಡುಕಿಸಬೇಕು. ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮದ 25ನೇ ಕಲಂ ರೋಗಿಗೆ ಕೊಟ್ಟಿದೆ. ಆಸ್ಪತ್ರೆ ಹಿಂಜರಿದರೆ ನ್ಯಾಯಾಲಯದಿಂದ ಸಮನ್ಸ್ ಕೊಡಿಸಬೇಕು.

ಮಾನಸಿಕ ರೋಗ ವಿಭಾಗದ ಕಡತದಲ್ಲಷ್ಟೇ ಹುಡುಕಿದರೆ ಸಾಲದು. ತೂಕ ಏರಿದ್ದು ಸಕ್ಕರೆ ಕಾಯಿಲೆಯ ಕಾರ್ಡಿನಲ್ಲಿ, ಕುತ್ತಿಗೆ ತಿರುಚಿದ್ದು ತುರ್ತು ಚಿಕಿತ್ಸಾ ಘಟಕದ ಪುಸ್ತಕದಲ್ಲಿ, ಕ್ಲೋಜಪಿನ್ ಕಾರಣಕ್ಕೆ ಮೊದಲ ತಿಂಗಳುಗಳಲ್ಲಿ ವಾರವಾರವೂ ಮಾಡಬೇಕಾದ ಬಿಳಿ ರಕ್ತಕಣದ ಎಣಿಕೆ ಖಾಸಗಿ ಲ್ಯಾಬಿನ ರಸೀದಿಯಲ್ಲಿ ಸಿಗಬಹುದು. ಮದುವೆ ಮನೆಯ ವಿಡಿಯೊದಲ್ಲಿ ಅವರ ನಡಿಗೆ ಅಥವಾ ಬಾಯಿಯ ಚಲನೆ ಸೆರೆಯಾಗಿದ್ದರೆ ಅದನ್ನೂ ಮೂಲ ಸಾಧನದೊಂದಿಗೆ ಕಾಪಾಡಿಡಿ.

ಪೊಲೀಸರಿಗೆ ಇದರಲ್ಲಿ ಏನಾದರೂ ಕರ್ತವ್ಯವಿದೆಯೇ?

ಖಂಡಿತ ಇದೆ. ಹಿಂದೆ ಮಾನಸಿಕ ಕಾಯಿಲೆಯಿದ್ದದ್ದು ತನಿಖೆಯಲ್ಲಿ ತಿಳಿದುಬಂದರೆ, ಆರೋಪಿಯನ್ನು ವೈದ್ಯಕೀಯ ಪರೀಕ್ಷೆಗೆ ಒಳಪಡಿಸಿ ಆ ಸಾಕ್ಷ್ಯವನ್ನು ನ್ಯಾಯಾಲಯದ ಮುಂದಿಡುವುದು ಪ್ರಾಮಾಣಿಕ ತನಿಖಾಧಿಕಾರಿಯ ಕರ್ತವ್ಯ, ಹಾಗೆ ಮಾಡದಿದ್ದರೆ ಅದು ಅಭಿಯೋಜನೆಯ ಗಂಭೀರ ದೋಷ ಎಂದು 2007ರ ಬಾಪು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದ್ದರಿಂದ ಮನೆಯವರು ಮೊದಲ ದಿನವೇ ಚಿಕಿತ್ಸೆಯ ವಿವರವನ್ನು ಬರೆದು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಂಧಿತರನ್ನು ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಂ ಪ್ರಕಾರ ಪರೀಕ್ಷಿಸುವ ವೈದ್ಯಾಧಿಕಾರಿಗೂ, ಗಾಯಗಳನ್ನಷ್ಟೇ ಅಲ್ಲದೆ ನಡುಕ, ಸೆಟೆತ, ಚಡಪಡಿಕೆಗಳನ್ನೂ ಬರೆಯುವಂತೆ ವಿನಂತಿಸಬೇಕು. ಆ ಮೊದಲ ದಿನದ ನಾಲ್ಕು ಸಾಲುಗಳಿಗೆ ಇರುವ ತೂಕ, ಎರಡು ವರ್ಷದ ನಂತರ ತಯಾರಾದ ನಲವತ್ತು ಪುಟದ ವರದಿಗೂ ಇರುವುದಿಲ್ಲ.

ರಕ್ತ ಪರೀಕ್ಷೆಯಿಂದ ತಿಳಿಯುವುದಿಲ್ಲವೇ?

ತಡಮಾಡದೆ ತೆಗೆದ ರಕ್ತದಲ್ಲಿ ಔಷಧಿ ಇತ್ತೇ, ಎಷ್ಟಿತ್ತು ಎಂದು ತಿಳಿಯಬಹುದು. ಆದರೆ ಯಾವ ಔಷಧಿಯನ್ನು ಹುಡುಕಬೇಕು ಎಂದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಬರೆಯುವ ಪತ್ರದಲ್ಲಿ ಹೆಸರಿಸಿ ಕೇಳಬೇಕು. ತಿಂಗಳ ಚುಚ್ಚುಮದ್ದು ವಾರಗಟ್ಟಲೆ ದೇಹದಲ್ಲಿರುತ್ತದೆ. ಕೊಲೆಯಾದವರ ದೇಹದಲ್ಲಿಯೇ ಔಷಧಿ ಪತ್ತೆಯಾದ ಪ್ರಕರಣಗಳಲ್ಲಿ, ಸಾವಿನ ನಂತರ ಹೃದಯದ ರಕ್ತದಲ್ಲಿ ಪ್ರಮಾಣ ತಾನಾಗಿ ಏರಬಹುದಾದ್ದರಿಂದ ತೊಡೆಯ ರಕ್ತನಾಳದ ಮಾದರಿಯನ್ನೇ ನಂಬುವುದು ಸೂಕ್ತ.

ಔಷಧಿಯ ಮಂಪರಿನಲ್ಲಿ ಕೊಟ್ಟ ತಪ್ಪೊಪ್ಪಿಗೆ ನಿಲ್ಲುತ್ತದೆಯೇ?

ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯ ಅಧಿನಿಯಮದ 23ನೇ ಕಲಂ ಒಪ್ಪುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ ಅಡಿಯಲ್ಲಿ ಕೊಟ್ಟದ್ದು ಸ್ವಇಚ್ಛೆಯಿಂದ ಬಂದಿರಬೇಕು. ಅದಕ್ಕೆ ಮುಂಚೆ ಶಾಂತಗೊಳಿಸುವ ಚುಚ್ಚುಮದ್ದು ಕೊಡಲಾಗಿತ್ತೇ ಎಂಬುದನ್ನು ಆಸ್ಪತ್ರೆಯ ಕಡತದಿಂದ ಹೊರತೆಗೆಯಬೇಕು.

ಕಾರಾಗೃಹದಲ್ಲಿರುವಾಗ ಮನೆಯವರು ಯಾವುದಕ್ಕೆ ಎಚ್ಚರವಾಗಿರಬೇಕು?

ಭೇಟಿಗೆ ಹೋದಾಗ ತೀವ್ರ ಜ್ವರ, ಹಲಗೆಯಂತೆ ಬಿಗಿದ ಮೈ, ಗೊಂದಲದ ಮಾತು ಒಟ್ಟಿಗೆ ಕಂಡರೆ ಅದು ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಎಂಬ ಪ್ರಾಣಾಪಾಯದ ಸ್ಥಿತಿಯಾಗಿರಬಹುದು, ಕೂಡಲೇ ಆಸ್ಪತ್ರೆಗೆ ಸಾಗಿಸಲು ಒತ್ತಾಯಿಸಬೇಕು. ಈ ಔಷಧಿಗಳು ದೇಹ ತನ್ನ ಬಿಸಿಯನ್ನು ಹೊರಹಾಕುವ ಶಕ್ತಿಯನ್ನು ಕುಗ್ಗಿಸುವುದರಿಂದ, ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಗಾಳಿಯಾಡದ ಕೋಣೆ ಅವರಿಗೆ ಹೆಚ್ಚು ಅಪಾಯಕಾರಿ. ಬೀಡಿ ಸೇದುತ್ತಿದ್ದವರು ಒಳಗೆ ಹೋಗಿ ಒಮ್ಮೆಲೇ ನಿಲ್ಲಿಸಿದರೆ ಕ್ಲೋಜಪಿನ್, ಓಲಾನ್ಜಪಿನ್‌ಗಳ ಪ್ರಮಾಣ ರಕ್ತದಲ್ಲಿ ಏರಿ, ಅದೇ ಮಾತ್ರೆಯಿಂದಲೇ ಮಂಪರು ಹೆಚ್ಚಬಹುದು. ಇದನ್ನು ಕಾರಾಗೃಹದ ವೈದ್ಯರ ಗಮನಕ್ಕೆ ತನ್ನಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ?

ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಮನೆಯವರಿಗೇ ಮನಸ್ಸಿನ ಆಸರೆ ಬೇಕಿದ್ದರೆ ಟೆಲಿ ಮಾನಸ್ ಸಂಖ್ಯೆ 14416.

ನಾವು ಕೊಲೆಯಾದವರ ಮನೆಯವರು. ನಮ್ಮ ನೋವಿಗೆ ಇಲ್ಲಿ ಜಾಗವಿದೆಯೇ?

ಇರಲೇಬೇಕು, ಮತ್ತು ಎಷ್ಟೋ ಪ್ರಕರಣಗಳಲ್ಲಿ ಸತ್ತವರೂ ಆರೋಪಿಯೂ ಒಂದೇ ಮನೆಯವರಾಗಿರುತ್ತಾರೆ. ಔಷಧಿಯ ದಾಖಲೆಗಳನ್ನು ಪ್ರಶ್ನಿಸುವ ಹಕ್ಕು ಅಭಿಯೋಜಕರ ಮೂಲಕ ನಿಮಗೂ ಇದೆ. ಮಾನಸಿಕ ಕಾಯಿಲೆಯ ಪುರಾವೆಗೆ ಎದುರು ಪಕ್ಷ ಆಕ್ಷೇಪ ಎತ್ತಿದರೆ, ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮದ 105ನೇ ಕಲಂ ಪ್ರಕಾರ ನ್ಯಾಯಾಲಯ ಅದನ್ನು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಪರಿಶೀಲನೆಗೆ ಕಳುಹಿಸಬೇಕು. ಚಿತ್ತದ ಅಸ್ವಸ್ಥತೆಯ ಆಧಾರದ ಮೇಲೆ ಖುಲಾಸೆಯಾದರೂ, ಆ ಕೃತ್ಯವನ್ನು ಆರೋಪಿಯೇ ಎಸಗಿದ್ದನೇ ಇಲ್ಲವೇ ಎಂಬುದನ್ನು ತೀರ್ಪಿನಲ್ಲಿ ಸ್ಪಷ್ಟವಾಗಿ ಬರೆಯಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 373ನೇ ಕಲಂ ಹೇಳುತ್ತದೆ. ನಿಮ್ಮವರಿಗೆ ಏನಾಯಿತು, ಯಾರಿಂದಾಯಿತು ಎಂಬುದು ಹೀಗೆ ಬರಹದಲ್ಲಿ ಉಳಿಯುತ್ತದೆ. ಖುಲಾಸೆಯ ವಿರುದ್ಧ ಅದೇ ಸಂಹಿತೆಯ 413ನೇ ಕಲಂ ಅಡಿಯಲ್ಲಿ ನೀವೇ ಮೇಲ್ಮನವಿ ಸಲ್ಲಿಸಬಹುದು, ನಮ್ಮ ಜಿಲ್ಲೆಗೆ ಅದು ಉಚ್ಚ ನ್ಯಾಯಾಲಯದ ಧಾರವಾಡ ಪೀಠ. ಪರಿಹಾರಕ್ಕೆ 396ನೇ ಕಲಂ ಇದೆ.

ಖುಲಾಸೆಯಾದ ಮೇಲೆ ಅವರು ನೇರ ಮನೆಗೆ ಬರುತ್ತಾರೆಯೇ?

ಸಾಮಾನ್ಯವಾಗಿ ಇಲ್ಲ. ಕೃತ್ಯ ಎಸಗಿದ್ದು ಹೌದು ಎಂದಾದರೆ, ನಾಗರಿಕ ಸುರಕ್ಷಾ ಸಂಹಿತೆಯ 374ನೇ ಕಲಂ ಪ್ರಕಾರ ನ್ಯಾಯಾಲಯ ಅವರನ್ನು ಸುರಕ್ಷಿತ ಪಾಲನೆಯಲ್ಲಿಡಲು ಆದೇಶಿಸುತ್ತದೆ, ಅಥವಾ ಹತ್ತಿರದವರು ಅರ್ಜಿ ಹಾಕಿ, ಭದ್ರತೆ ಕೊಟ್ಟು, ಅವರಿಂದ ಅವರಿಗಾಗಲಿ ಇತರರಿಗಾಗಲಿ ಹಾನಿಯಾಗದಂತೆ ನೋಡಿಕೊಳ್ಳುವುದಾಗಿ ಒಪ್ಪಿಕೊಂಡರೆ ಅವರ ವಶಕ್ಕೆ ಒಪ್ಪಿಸುತ್ತದೆ. ಆ ಅರ್ಜಿಯ ಜೊತೆಗೆ ವೈದ್ಯರ ವರದಿ ಲಗತ್ತಿಸುವಾಗ, ಈಗ ಯಾವ ಔಷಧಿ ನಡೆಯುತ್ತಿದೆ, ಅದರಿಂದ ಮೈಗೆ ಏನು ತೊಂದರೆಯಾಗುತ್ತಿದೆ, ಹಿಂದೆ ಯಾವ ತೊಂದರೆಗಾಗಿ ಮಾತ್ರೆ ಬಿಟ್ಟಿದ್ದರು, ಈ ಸಲ ಅದು ಬಂದರೆ ಯಾವ ಆಸ್ಪತ್ರೆಗೆ, ಯಾರು, ಎಷ್ಟು ದಿನಗಳೊಳಗೆ ಕರೆದೊಯ್ಯುತ್ತಾರೆ ಎಂಬ ವಿವರಗಳನ್ನು ಹೆಸರು ಸಹಿತ ಬರೆಸಿಕೊಳ್ಳಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಮುಚ್ಚಿದಾಗ ಧಾರವಾಡಕ್ಕೆ ಹೋಗಲಾಗದಿದ್ದರೆ ಮಾತ್ರೆ ಎಲ್ಲಿಂದ ಬರುತ್ತದೆ ಎಂಬುದೂ ಆ ವರದಿಯಲ್ಲಿರಲಿ.